ಒಂದೇ ಹೊಲದಲ್ಲಿ ಸಾವಿರ ಬಗೆಯ ಗಿಡ: ಹವಾಮಾನ ಬದಲಾಗುವಾಗ ತಳಿ ಕಟ್ಟುವ ಇನ್ನೊಂದು ದಾರಿ

ಭತ್ತದ ಹೂವು ಬಾಯಿ ತೆರೆಯುವುದು ಬೆಳಗಿನ ಹೊತ್ತು, ಅದೂ ಒಂದೆರಡು ಗಂಟೆ ಮಾತ್ರ. ಆ ಹೊತ್ತಿನಲ್ಲಿ ತೆನೆಯ ಸುತ್ತಲಿನ ಬಿಸಿ 35 ಡಿಗ್ರಿ ಸೆಲ್ಸಿಯಸ್ ದಾಟಿ ಗಂಟೆ ಹೊತ್ತು ನಿಂತರೆ ಸಾಕು, ಪರಾಗಕೋಶ ಸರಿಯಾಗಿ ಒಡೆಯುವುದಿಲ್ಲ. ಒಡೆದರೂ ಪರಾಗ ಮೊಳೆಯುವುದಿಲ್ಲ. ಹೂವು ಹಾಗೆಯೇ ಮುಚ್ಚಿಕೊಳ್ಳುತ್ತದೆ, ಕೊಯ್ಲಿನಲ್ಲಿ ಕೈಗೆ ಬರುವುದು ಜೊಳ್ಳು. ಹೊಲದ ಗಿಡಗಳೆಲ್ಲ ಒಂದೇ ತಳಿಯವಾದರೆ ಅವು ಹೂ ಬಿಡುವುದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಬಿಸಿಗಾಳಿ ಆ ವಾರವೇ ಬೀಸಿತೋ, ಇಡೀ ಹೊಲಕ್ಕೆ ಪೆಟ್ಟು.

ಇದಕ್ಕೆ ತಳಿ ಅಭಿವೃದ್ಧಿ ಮಾಡುವವರ ಬಳಿ ಎರಡು ಬಗೆಯ ಉತ್ತರವಿದೆ. ಬಿಸಿ ತಡೆಯುವ ಹೊಸ ತಳಿಯೊಂದನ್ನು ಹುಡುಕಿ ಕೊಡುವುದು ಒಂದು. ಹೂ ಬಿಡುವ ದಿನ, ಬೇರಿನ ಆಳ, ರೋಗ ತಡೆಯುವ ಶಕ್ತಿ, ಎತ್ತರ, ಎಲ್ಲದರಲ್ಲೂ ಒಂದಕ್ಕೊಂದು ಬೇರೆಯಾದ ಗಿಡಗಳನ್ನು ಒಂದೇ ಹೊಲದಲ್ಲಿ ನಿಲ್ಲಿಸಿ, ವರ್ಷ ವರ್ಷದ ಹವಾಮಾನವೇ ಅವುಗಳಲ್ಲಿ ಆರಿಸುವಂತೆ ಬಿಡುವುದು ಇನ್ನೊಂದು. ಮೊದಲನೆಯದು ಆಗಾಗ ಸುದ್ದಿಯಾಗುತ್ತದೆ. ಎರಡನೆಯದು ಅಷ್ಟೇ ಹಳೆಯದಾದರೂ ಅದರ ಬಗ್ಗೆ ಕೇಳಿದವರು ಕಡಿಮೆ.

ಗಿಡಗಳೆಲ್ಲ ಒಂದೇ ಥರ ಆದದ್ದು ಹೇಗೆ?

ಗೋಧಿ, ಭತ್ತ, ಬಾರ್ಲಿಗಳಲ್ಲಿ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಇದು ಸ್ವಕೀಯ ಪರಾಗಸ್ಪರ್ಶ. ಮೆಕ್ಕೆಜೋಳದಂಥ ಬೆಳೆಗಳಲ್ಲಿ ಪರಾಗ ಗಾಳಿಯಲ್ಲಿ ಹಾರಿ ಬೇರೆ ಗಿಡಕ್ಕೆ ಸೇರುತ್ತದೆ, ಅದು ಪರಕೀಯ ಪರಾಗಸ್ಪರ್ಶ. ಮುಂದಿನ ಎಲ್ಲ ಲೆಕ್ಕವೂ ಈ ವ್ಯತ್ಯಾಸದ ಮೇಲೆ ನಿಂತಿದೆ.

ಎರಡು ಗೋಧಿ ತಳಿಗಳನ್ನು ಸಂಕರ ಮಾಡಿದರೆ ಸಿಗುವ ಮೊದಲ ಪೀಳಿಗೆ ಎಫ್1. ಅದರಲ್ಲಿ ಪ್ರತಿ ಗಿಡಕ್ಕೂ ಒಂದೊಂದು ಜೀನಿನ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದಿರುತ್ತದೆ; ಗಿಡಗಳೆಲ್ಲ ಒಂದೇ ರೂಪ. ಈ ಗಿಡಗಳು ತಮ್ಮಷ್ಟಕ್ಕೆ ಕಾಳು ಕಟ್ಟಿದಾಗ ಸಿಗುವುದು ಎಫ್2. ಜೀನುಗಳು ಬೇರೆ ಬೇರೆಯಾಗಿ ಕೂಡಿಕೊಂಡು ಗಿಡಕ್ಕೊಂದು ರೂಪ ಬರುವುದು ಇಲ್ಲಿ. ತಂದೆ-ತಾಯಿಗಳ ನಡುವೆ ಹತ್ತೇ ಹತ್ತು ಜೀನುಗಳಲ್ಲಿ ವ್ಯತ್ಯಾಸವಿದ್ದರೂ ಎಫ್2ರಲ್ಲಿ 59,049 ಬಗೆಯ ಜೋಡಣೆಗಳು ಸಾಧ್ಯ. ಆಮೇಲೆ ಪ್ರತಿ ಪೀಳಿಗೆಯಲ್ಲೂ ಗಿಡದೊಳಗಿನ ಮಿಶ್ರಣ, ಅಂದರೆ ಎರಡು ಪ್ರತಿಗಳೂ ಬೇರೆಬೇರೆಯಾಗಿರುವ ಜೀನುಗಳ ಪಾಲು, ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ: ಎಫ್2ರಲ್ಲಿ ಶೇ. 50, ಎಫ್3ರಲ್ಲಿ ಶೇ. 25, ಎಫ್6ರ ಹೊತ್ತಿಗೆ ಸುಮಾರು ಶೇ. 3. ಈ ದಾರಿಯಲ್ಲಿ ಒಂದು ಒಳ್ಳೆಯ ಗಿಡವನ್ನು ಆರಿಸಿ ಅದರ ಸಂತಾನವನ್ನಷ್ಟೇ ಬೆಳೆಸಿದರೆ ಅದು ಶುದ್ಧ ತಳಿ. ಉಳಿದ ಸಾವಿರಾರು ಜೋಡಣೆಗಳನ್ನು ಕೈಬಿಟ್ಟಂತಾಯಿತು.

ಏಕರೂಪತೆಯಿಂದ ಲಾಭವಿರುವುದು ನಿಜ. ಗಿಡಗಳೆಲ್ಲ ಒಟ್ಟಿಗೆ ಮಾಗಿದರೆ ಯಂತ್ರದಲ್ಲಿ ಒಂದೇ ಸಲ ಕೊಯ್ಯಬಹುದು. ಕಾಳು ಒಂದೇ ಗಾತ್ರವಿದ್ದರೆ ಗಿರಣಿಗೆ ಅನುಕೂಲ. ಕಾನೂನು ಕೂಡ ಇದನ್ನೇ ಕೇಳುತ್ತದೆ. 1961ರ ಅಂತರರಾಷ್ಟ್ರೀಯ ಒಪ್ಪಂದದ ದಾರಿಯಲ್ಲಿ ನಡೆಯುವ ದೇಶಗಳಲ್ಲಿ ತಳಿಗೆ ರಕ್ಷಣೆ ಸಿಗಬೇಕಾದರೆ ಅದು ಉಳಿದವುಗಳಿಗಿಂತ ಬೇರೆಯಾಗಿರಬೇಕು, ಏಕರೂಪವಾಗಿರಬೇಕು, ಸ್ಥಿರವಾಗಿರಬೇಕು.

ಎಲ್ಲಿ ಕೈಕೊಡುತ್ತದೆ?

ಇದಕ್ಕೆ 1970ರ ಅಮೆರಿಕದ ಮೆಕ್ಕೆಜೋಳಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಸಂಕರ ಬೀಜ ತಯಾರಿಸುವಾಗ ತಾಯಿ ಗಿಡಗಳ ಗಂಡು ಹೂವನ್ನು ಕೈಯಿಂದ ಕೀಳುವ ಖರ್ಚು ಉಳಿಸಲು, ಪರಾಗವೇ ಬಿಡದ ಒಂದು ಗುಣವನ್ನು ಬಳಸುತ್ತಿದ್ದರು. ಆ ಗುಣ ಬರುತ್ತಿದ್ದುದು ಕೋಶದ್ರವ್ಯದಿಂದ, ಅಂದರೆ ಜೀವಕೋಶದಲ್ಲಿ ಕೇಂದ್ರದ ಹೊರಗಿನ ಭಾಗದಿಂದ; ಟೆಕ್ಸಾಸ್ ಕೋಶದ್ರವ್ಯ ಎಂದು ಅದಕ್ಕೆ ಹೆಸರು. ಕಂಪನಿಗಳ ತಳಿಗಳ ಹೆಸರು ಬೇರೆ ಬೇರೆ ಇದ್ದವು, ಆದರೆ ದೇಶದ ಮೆಕ್ಕೆಜೋಳದ ಬಹುಪಾಲಿನ ಒಳಗೆ ಇದ್ದದ್ದು ಅದೊಂದೇ ಕೋಶದ್ರವ್ಯ. ಎಲೆ ಅಂಗಮಾರಿ ರೋಗದ ಶಿಲೀಂಧ್ರದ ಹೊಸ ರೂಪವೊಂದು ಸರಿಯಾಗಿ ಅದನ್ನೇ ಹಿಡಿಯಿತು. ಒಂದೇ ಹಂಗಾಮಿನಲ್ಲಿ ದೇಶದ ಬೆಳೆಯ ಸುಮಾರು ಶೇ. 15ರಷ್ಟು ಹೋಯಿತು. ಹತ್ತು ಹೆಸರಿದ್ದ ಮಾತ್ರಕ್ಕೆ ವೈವಿಧ್ಯವಿದೆ ಎನ್ನಲಾಗದು. ಒಳಗಿನ ಜೀನುಗಳು ಬೇರೆಯಿರಬೇಕು.

ಹವಾಮಾನದ ವಿಷಯದಲ್ಲಿ ತೊಂದರೆ ಇನ್ನೂ ಗೋಜಲು. ರೋಗವಾದರೆ ಶತ್ರು ಯಾರೆಂದು ಗೊತ್ತು. ಹವಾಮಾನ ಒಂದು ವರ್ಷ ಬಿತ್ತನೆಯ ಹೊತ್ತಿನಲ್ಲಿ ಬರ ತರುತ್ತದೆ, ಮರುವರ್ಷ ತೆನೆ ಬಲಿಯುವಾಗ ಮಳೆ ಸುರಿಸುತ್ತದೆ, ಮೂರನೆಯ ವರ್ಷ ಹೂವಿನ ಹೊತ್ತಿಗೆ ಬಿಸಿ. ಹೊಸ ತಳಿಯೊಂದು ಸಂಕರದಿಂದ ರೈತರ ಕೈ ಸೇರಲು ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ ಬೇಕು. ಅಷ್ಟು ಮುಂದಿನ ಹವಾಮಾನಕ್ಕೆ ಇವತ್ತೇ ಒಂದು ಗಿಡ ಆರಿಸುವುದೆಂದರೆ ಊಹೆಯ ಮೇಲೆ ಆರಿಸಿದಂತೆಯೇ.

ಒಂದು ಜೀನಿನ ಬಲ, ಅದರ ಮಿತಿ

ಒಂದೇ ಜೀನು ದೊಡ್ಡ ಕೆಲಸ ಮಾಡಿದ್ದೂ ಉಂಟು. ಸಾಮಾನ್ಯ ಭತ್ತ ಪೂರ್ತಿ ಮುಳುಗಿದರೆ ಗಾಳಿಗಾಗಿ ಮೇಲಕ್ಕೆ ಬೆಳೆಯಲು ಹೆಣಗುತ್ತದೆ, ಕೂಡಿಟ್ಟ ಶಕ್ತಿಯೆಲ್ಲ ಖಾಲಿಯಾಗಿ ವಾರದಲ್ಲಿ ಸಾಯುತ್ತದೆ. ಒಡಿಶಾದ ನಾಟಿ ಭತ್ತದಿಂದ ಬಂದ ಎಫ್‌ಆರ್ 13ಎ ಎಂಬ ತಳಿ ಹಾಗೆ ಮಾಡುವುದಿಲ್ಲ. ಬೆಳವಣಿಗೆ ನಿಲ್ಲಿಸಿ ನೀರಿಳಿಯುವ ತನಕ ಸುಮ್ಮನಿರುತ್ತದೆ. ಈ ಗುಣಕ್ಕೆ ಕಾರಣವಾದ ಸಬ್1ಎ ಜೀನನ್ನು 2006ರಲ್ಲಿ ಗುರುತಿಸಿದರು. ಅದನ್ನು ಜನಪ್ರಿಯ ಸ್ವರ್ಣ ತಳಿಗೆ ಸೇರಿಸಿದ ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಎರಡು ವಾರದಷ್ಟು ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಆದರೆ ತಿಂಗಳುಗಟ್ಟಲೆ ಅರ್ಧ ಗಿಡದ ಮಟ್ಟಕ್ಕೆ ನೀರು ನಿಂತರೆ ಈ ಜೀನಿನಿಂದ ಪ್ರಯೋಜನವಿಲ್ಲ. ಹೂವಿನ ಹೊತ್ತಿನ ಬಿಸಿಗೂ ಇದು ಉತ್ತರವಲ್ಲ.

ಇಂಥ ಜೀನು ಸಿಗುವುದು ಎಲ್ಲಿ ಎಂಬುದೂ ಮುಖ್ಯ. 1970ರ ದಶಕದಲ್ಲಿ ಏಷ್ಯಾದ ಭತ್ತಕ್ಕೆ ಗ್ರಾಸಿ ಸ್ಟಂಟ್ ಎಂಬ ನಂಜುರೋಗ ಬಿದ್ದಾಗ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿತು. ರೋಗ ತಡೆದದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ ಒರೈಝಾ ನಿವಾರಾ ಎಂಬ ಕಾಡು ಭತ್ತದ ಒಂದೇ ಒಂದು ಮಾದರಿ. ಆರು ಸಾವಿರದಲ್ಲಿ ಒಂದು! ಯಾರೋ ಅದನ್ನು ಮೊದಲೇ ಕಿತ್ತು ತಂದು ಎತ್ತಿಟ್ಟಿರದಿದ್ದರೆ ಹುಡುಕಲು ಏನೂ ಇರುತ್ತಿರಲಿಲ್ಲ.

ಬೆರಕೆಯಲ್ಲಿ ಎರಡು ಬಗೆ

ಹೊಲಕ್ಕೆ ವೈವಿಧ್ಯ ತರಲು ಸುಲಭದ ದಾರಿ ತಳಿ ಮಿಶ್ರಣ. ಮೂರ್ನಾಲ್ಕು ಶುದ್ಧ ತಳಿಗಳ ಬೀಜ ಕಲಸಿ ಬಿತ್ತುವುದು, ಇಲ್ಲವೇ ಸಾಲು ಬಿಟ್ಟು ಸಾಲು ನಾಟಿ ಮಾಡುವುದು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ಅಂಟು ಭತ್ತವನ್ನು, ರೋಗ ತಡೆಯುವ ಸಂಕರ ಭತ್ತದ ನಾಲ್ಕಾರು ಸಾಲಿಗೊಂದು ಸಾಲಿನಂತೆ ನೆಟ್ಟರು. 2000ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಟು ಭತ್ತವನ್ನೇ ಬೆಳೆದ ಗದ್ದೆಗಳಿಗೆ ಹೋಲಿಸಿದರೆ ಅದರಲ್ಲಿ ರೋಗದ ತೀವ್ರತೆ ಶೇ. 94 ಕಡಿಮೆ, ಇಳುವರಿ ಶೇ. 89 ಹೆಚ್ಚು. ರೋಗದ ಬೀಜಾಣು ಹಾರಿ ಪಕ್ಕದ ಗಿಡದ ಮೇಲೆ ಬಿದ್ದಾಗ ಅದು ಬೇರೆ ತಳಿಯದಾಗಿದ್ದರೆ ಅಲ್ಲಿಗೆ ಅದರ ಓಟ ನಿಂತಿತು. ಎತ್ತರದ ಅಂಟು ಭತ್ತದ ತೆನೆಗಳು ಸುತ್ತಲಿನ ಗಿಡಗಳಿಗಿಂತ ಮೇಲೆ ನಿಂತು ಬೇಗ ಆರಿದ್ದರಿಂದಲೂ ಸೋಂಕು ತಗ್ಗಿತು.

ಎರಡನೆಯ ದಾರಿ ಸಂಕರ ಸಮೂಹ: ತಳಿಗಳನ್ನು ಒಂದಕ್ಕೊಂದು ಸಂಕರ ಮಾಡಿ, ಸಿಕ್ಕ ಬೀಜವನ್ನೆಲ್ಲ ಕೂಡಿಸಿ ಬೆಳೆಸುವುದು. ಮಿಶ್ರಣವೆಂದರೆ ನಾಲ್ಕು ಇಸ್ಪೀಟು ಕಟ್ಟುಗಳನ್ನು ಪಕ್ಕಪಕ್ಕ ಇಟ್ಟಂತೆ. ಸಂಕರ ಸಮೂಹವೆಂದರೆ ನಾಲ್ಕನ್ನೂ ಕಲಸಿ ಹೊಸದಾಗಿ ಹಂಚಿದಂತೆ. ಮಿಶ್ರಣದಲ್ಲಿ ಆಳವಾದ ಬೇರಿನ ಗಿಡ ಒಂದಿದ್ದು ಬೂದಿ ರೋಗ ತಡೆಯುವ ಗಿಡ ಇನ್ನೊಂದಿರಬಹುದು. ಎರಡೂ ಗುಣ ಕೂಡಿದ ಗಿಡ ಹುಟ್ಟಬೇಕಾದರೆ ಸಂಕರ ಮಾಡಲೇಬೇಕು.

ಈ ಕೆಲಸ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಬಾರ್ಲಿಯಿಂದ ಶುರುವಾಯಿತು. ಹ್ಯಾರಿ ಹಾರ್ಲನ್ ಮತ್ತು ಜೊತೆಗಾರರು 28 ಬಾರ್ಲಿ ತಳಿಗಳನ್ನು ಸಾಧ್ಯವಿದ್ದ ಎಲ್ಲ ಜೋಡಿಗಳಲ್ಲೂ, ಅಂದರೆ 378 ಬಗೆಯಲ್ಲಿ ಸಂಕರ ಮಾಡಿ ಬೀಜವನ್ನೆಲ್ಲ ಒಂದುಗೂಡಿಸಿದರು. ಆ ಸಮೂಹವನ್ನು ಮನುಷ್ಯರು ಆರಿಸದೆ ಐವತ್ತಕ್ಕೂ ಹೆಚ್ಚು ಪೀಳಿಗೆ ಅಲ್ಲಿಯೇ ಬೆಳೆಸಿದರು. ಇದನ್ನು ಒಂದು ತಳಿ ಅಭಿವೃದ್ಧಿ ವಿಧಾನವಾಗಿ 1956ರಲ್ಲಿ ಮುಂದಿಟ್ಟವರು ಅಲ್ಲಿನ ಕಾಯ್ಟ್ ಸುನೆಸನ್. ಬ್ರಿಟನ್ನಿನಲ್ಲಿ ಮಾರ್ಟಿನ್ ವುಲ್ಫ್ ಬೆಳೆಸಿದ ಗೋಧಿ ಸಮೂಹ 20 ತಳಿಗಳ 190 ಸಂಕರಗಳಿಂದ ಬಂದದ್ದು.

ಸಮೂಹ ಕಟ್ಟುವ ಕ್ರಮ

ಗೋಧಿಯನ್ನೇ ತೆಗೆದುಕೊಳ್ಳೋಣ. ಮೊದಲು ತಂದೆ-ತಾಯಿ ತಳಿಗಳ ಆಯ್ಕೆ. ಹತ್ತು ತಳಿ ಇದ್ದರೆ 45 ಜೋಡಿ. ಚಿಕ್ಕ ತಂಡಕ್ಕೆ ಇದು ನಿಭಾಯಿಸುವ ಸಂಖ್ಯೆ. ಹತ್ತೂ ಒಂದೇ ಮೂಲದಿಂದ ಬಂದ ದಾಯಾದಿಗಳಾದರೆ ಪಟ್ಟ ಶ್ರಮ ದಂಡ. ಬರ ಕಂಡ ಪ್ರದೇಶದ ನಾಟಿ ತಳಿ, ರೋಗ ತಡೆಯುವ ಹೊಸ ತಳಿ, ಕಾಳಿನ ಗುಣಕ್ಕೆ ಹೆಸರಾದದ್ದು, ಹೀಗೆ ದೂರದೂರದವು ಬೇಕು. ಆದರೆ ಅತಿ ಎತ್ತರ ಮತ್ತು ಅತಿ ಗಿಡ್ಡ, ಅತಿ ಬೇಗ ಮತ್ತು ಅತಿ ತಡ ಮಾಗುವ ತಳಿಗಳನ್ನು ಕೂಡಿಸಬಾರದು. ಕಾರಣ ಮುಂದಿದೆ.

ಸಂಕರ ಮಾಡುವ ಕೆಲಸ ಚಿಮಟದ ಕೆಲಸ. ತೆನೆ ಹೊರಬಂದು ಪರಾಗಕೋಶ ಇನ್ನೂ ಹಸಿರಿರುವಾಗಲೇ ಹಿಡಿಯಬೇಕು. ಹಳದಿಗೆ ತಿರುಗಿದ್ದರೆ ತಡವಾಯಿತು, ಹೂವು ತನ್ನ ಪರಾಗವನ್ನೇ ಪಡೆದಿರುತ್ತದೆ. ತೆನೆಯ ತುದಿ ಮತ್ತು ಬುಡದ ಎಳೆಯ ಹೂಗಳನ್ನು ಕತ್ತರಿಸಿ ಹಾಕಿ, ಉಳಿದ ಪ್ರತಿ ಹೂವಿನಿಂದಲೂ ಮೂರು ಪರಾಗಕೋಶಗಳನ್ನು ಒಡೆಯದಂತೆ ಎತ್ತಿ ತೆಗೆಯಬೇಕು. ಮೂರರಲ್ಲಿ ಒಂದು ಉಳಿದರೂ ಆ ಕಾಳು ಸಂಕರವಲ್ಲ. ಕಾಗದದ ಚೀಲ ಕಟ್ಟಿ ಎರಡು ಮೂರು ದಿನ ಬಿಟ್ಟರೆ ಒಳಗಿನ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗ, ಗರಿಯಂತೆ ಬಿಚ್ಚಿಕೊಂಡಿರುತ್ತದೆ. ಆಗ ತಂದೆ ತಳಿಯ ಹೊಸ ಪರಾಗ ಸವರಬೇಕು. ಗೋಧಿಯ ಪರಾಗ ಬದುಕುವುದು ನಿಮಿಷಗಳ ಲೆಕ್ಕದಲ್ಲಿ. ಬೆಳಿಗ್ಗೆ ಕೂಡಿಟ್ಟು ಮಧ್ಯಾಹ್ನ ಹಾಕುವೆನೆಂದರೆ ಆಗದು. ದಿನಾಂಕ ಮತ್ತು ಜೋಡಿಯ ಹೆಸರಿನ ಚೀಟಿ ತೆನೆಗೇ ಕಟ್ಟಬೇಕು.

ಎರಡನೆಯ ಹಂಗಾಮಿನಲ್ಲಿ ಎಫ್1. ತಂದೆ-ತಾಯಿ ಶುದ್ಧವಾಗಿದ್ದರೆ ಪ್ರತಿ ಸಂಕರಕ್ಕೆ ಐದಾರು ಗಿಡ ಸಾಕು. ತಾಯಿಯಂತೆಯೇ ಕಾಣುವ ಗಿಡಗಳು ಸ್ವಂತ ಪರಾಗದಿಂದ ಹುಟ್ಟಿದವು, ಅವನ್ನು ಕೀಳಬೇಕು. ಅಂತರ ಬಿಟ್ಟು ಬೆಳೆಸಿದರೆ ತೆಂಡೆ (ಬುಡದ ಕವಲು) ಚೆನ್ನಾಗಿ ಒಡೆದು ಬೀಜ ಹೆಚ್ಚು ಸಿಗುತ್ತದೆ.

ಮುಂದಿನ ಹೆಜ್ಜೆಯಲ್ಲಿ ತಪ್ಪು ಸುಲಭ. ಎಲ್ಲ ಸಂಕರಗಳ ಫಸಲನ್ನೂ ಸಿಕ್ಕಷ್ಟು ಸುರಿದು ಕಲಸಬಾರದು. ಹುಲುಸಾಗಿ ಕಾಳು ಕಟ್ಟಿದ ನಾಲ್ಕು ಸಂಕರಗಳು ಇಡೀ ಸಮೂಹವನ್ನು ಆಕ್ರಮಿಸಿಬಿಡುತ್ತವೆ. ಪ್ರತಿ ಸಂಕರದಿಂದ ಒಂದೇ ಸಂಖ್ಯೆಯಲ್ಲಿ, ಉದಾಹರಣೆಗೆ 200 ಬೀಜ ಎಣಿಸಿ ತೆಗೆಯಬೇಕು. ಕಾಳಿನ ಗಾತ್ರ ಬೇರೆಬೇರೆ ಇರುವುದರಿಂದ ತೂಕಕ್ಕಿಂತ ಎಣಿಕೆ ಸರಿ. 45 ಸಂಕರಕ್ಕೆ 9,000 ಬೀಜ. ಸಾವಿರ ಕಾಳಿಗೆ 40 ಗ್ರಾಂ ಹಿಡಿದರೆ 360 ಗ್ರಾಂ. ಚದರ ಮೀಟರಿಗೆ 250 ಬೀಜದಂತೆ ಬಿತ್ತಲು 36 ಚದರ ಮೀಟರ್ ಜಾಗ ಸಾಕು. ಚದರ ಮೀಟರಿಗೆ 200 ಗ್ರಾಂ ಫಸಲು ಬಂದರೂ ಏಳು ಕಿಲೋ ಕೈಗೆ ಬರುತ್ತದೆ, ಅದು ಮುಂದಿನ ಹಂಗಾಮಿನಲ್ಲಿ 700 ಚದರ ಮೀಟರಿಗೆ, ಅದರ ಫಸಲು ಮತ್ತಿನ ಹಂಗಾಮಿನಲ್ಲಿ ಸುಮಾರು 1.4 ಹೆಕ್ಟೇರಿಗೆ ಬೀಜವಾಗುತ್ತದೆ. ಸಂಕರ ಮಾಡಿದ ಹಂಗಾಮಿನಿಂದ ಐದನೆಯದರಲ್ಲಿ ನಿಜವಾದ ಹೊಲ.

ಅಲ್ಲಿಂದ ಮುಂದೆ ನಿಯಮ ಒಂದೇ: ಬಿತ್ತಬೇಕು, ಕೊಯ್ಯಬೇಕು, ಇಡೀ ಫಸಲನ್ನು ಚೆನ್ನಾಗಿ ಕಲಸಿ ಅದರಿಂದ ಬೀಜಕ್ಕೆ ತೆಗೆದಿಡಬೇಕು. ಹೊಲದ ಒಂದು ಮೂಲೆಯಿಂದ ತೆಗೆದರೆ ಆ ಮೂಲೆಯ ಗಿಡಗಳಷ್ಟೇ ಮುಂದುವರಿಯುತ್ತವೆ. ಬೀಜ ಕೆಲವು ಸಾವಿರಕ್ಕಿಂತ ಕಡಿಮೆಯಾದರೆ ಅಪರೂಪದ ಗಿಡಗಳು ಬರೀ ಅದೃಷ್ಟದ ಆಟಕ್ಕೆ ಸಿಕ್ಕಿ ಕಳೆದುಹೋಗುತ್ತವೆ.

ಸ್ವಕೀಯ ಬೆಳೆಯಲ್ಲಿ ಇನ್ನೊಂದು ಸಂಗತಿಯಿದೆ. ಬಾರ್ಲಿಯಲ್ಲಿ ನೂರಕ್ಕೆ ಒಂದರಷ್ಟು ಕಾಳು ಮಾತ್ರ ಬೇರೆ ಗಿಡದ ಪರಾಗದಿಂದ ಹುಟ್ಟುತ್ತದೆ. ಐದಾರು ಪೀಳಿಗೆಗೆ ಸಮೂಹವೆಂದರೆ ಸಾವಿರಾರು ಶುದ್ಧ ಎಳೆಗಳ ಬೆರಕೆಯಾಗಿ ನಿಂತುಬಿಡುತ್ತದೆ, ಹೊಸ ಜೋಡಣೆ ನಿಧಾನ. ಇದನ್ನು ಚುರುಕುಗೊಳಿಸಲೆಂದೇ ಸುನೆಸನ್ ಕೆಲವು ಸಮೂಹಗಳಲ್ಲಿ ಗಂಡುಬಂಜೆತನದ ಜೀನನ್ನು ಬಳಸಿದ್ದರು; ಅದರಿಂದ ಸ್ವಂತ ಪರಾಗವಿಲ್ಲದ ಗಿಡ ಬೇರೆ ಗಿಡದ ಪರಾಗದಿಂದಲೇ ಕಾಳು ಕಟ್ಟಬೇಕು.

ಮೆಕ್ಕೆಜೋಳದಂಥವಕ್ಕೆ ಬೇರೆ ಲೆಕ್ಕ

ಇಲ್ಲಿ ಚಿಮಟ ಬೇಡ. ಹತ್ತು ತಳಿಗಳ ಬೀಜವನ್ನು ಸಮನಾಗಿ ಕಲಸಿ ಬಿತ್ತಿದರೆ ಗಾಳಿಯೇ ಸಂಕರ ಮಾಡುತ್ತದೆ. ಹೂ ಬಿಡುವ ಕಾಲ ಹೊಂದದಿದ್ದರೆ ಮಾತ್ರ ತಡದ ತಳಿಯನ್ನು ಕೆಲವು ದಿನ ಮೊದಲೇ ಬಿತ್ತಬೇಕು. ಪಕ್ಕದ ಹೊಲದ ಪರಾಗ ಬಾರದಂತೆ 200 ಮೀಟರಾದರೂ ಅಂತರ ಬೇಕು. ಬೀಜಕ್ಕೆ ನೂರು ಇನ್ನೂರು ಗಿಡಗಳಿಂದಲಾದರೂ ತೆನೆ ತೆಗೆದು, ಪ್ರತಿ ತೆನೆಯಿಂದ ಒಂದೇ ಸಂಖ್ಯೆಯ ಕಾಳು ಬಿಡಿಸಿ ಕೂಡಿಸಬೇಕು. ನಾಲ್ಕು ದೊಡ್ಡ ತೆನೆಗಳ ಬೀಜವನ್ನೇ ಇಟ್ಟುಕೊಂಡರೆ ಕೆಲವೇ ಪೀಳಿಗೆಯಲ್ಲಿ ಗಿಡಗಳು ಕುಗ್ಗಿ ಇಳುವರಿ ಬೀಳುತ್ತದೆ. ರಕ್ತಸಂಬಂಧಿಗಳ ನಡುವಣ ಸಂಕರದ ಫಲ ಅದು.

ನಿಸರ್ಗದ ಆಯ್ಕೆ ಮತ್ತು ರೈತರ ಆಯ್ಕೆ ಒಂದೇ ಅಲ್ಲ

ಈ ವಿಧಾನದ ಬಗ್ಗೆ ಉತ್ಸಾಹದಿಂದ ಬರೆಯುವವರು ಬಿಟ್ಟುಬಿಡುವ ಭಾಗವಿದು. ಹಾರ್ಲನ್ ಮತ್ತು ಮೇರಿ ಮಾರ್ಟಿನಿ 11 ಬಾರ್ಲಿ ತಳಿಗಳ ಮಿಶ್ರಣವನ್ನು ಅಮೆರಿಕದ ಹತ್ತು ಕೇಂದ್ರಗಳಲ್ಲಿ ವರ್ಷಗಟ್ಟಲೆ ಬಿತ್ತಿದಾಗ, ಕೇಂದ್ರ ಬದಲಾದಂತೆ ಮೇಲುಗೈ ಪಡೆದ ತಳಿಯೂ ಬದಲಾಯಿತು. ನೆಲ, ಹವೆ ನೋಡಿ ಆಯ್ಕೆ ನಡೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಪುರಾವೆ. ಆದರೆ ಆಯ್ಕೆಯಾಗುವುದು ಯಾವುದು?

ಸುನೆಸನ್ ಅವರು ಅಟ್ಲಾಸ್, ಕ್ಲಬ್ ಮರಿಯೂಟ್, ಹೀರೋ, ವಾನ್ ಎಂಬ ನಾಲ್ಕು ಬಾರ್ಲಿ ತಳಿಗಳನ್ನು ಸಮನಾಗಿ ಕಲಸಿ 16 ಪೀಳಿಗೆ ಬೆಳೆಸಿ, 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊನೆಗೆ ಅಟ್ಲಾಸ್ ಸುಮಾರು ಶೇ. 88ಕ್ಕೆ ಏರಿತ್ತು, ವಾನ್ ಶೇ. 1ಕ್ಕಿಂತ ಕೆಳಗೆ ಇಳಿದಿತ್ತು. ವಿಚಿತ್ರವೆಂದರೆ, ಒಂಟಿಯಾಗಿ ಬೆಳೆದಾಗ ಹೆಚ್ಚು ಇಳುವರಿ ಕೊಡುತ್ತಿದ್ದುದು ವಾನ್. ಪಕ್ಕದ ಗಿಡವನ್ನು ಹತ್ತಿಕ್ಕಿ ಬೆಳೆಯುವ ಗಿಡ ಸ್ಪರ್ಧೆಯಲ್ಲಿ ಗೆಲ್ಲುತ್ತದೆ. ಹೊಲದ ಒಟ್ಟು ಇಳುವರಿಗೆ ಬೇಕಾದದ್ದು ಪಕ್ಕದ ಗಿಡಕ್ಕೂ ಜಾಗ ಬಿಡುವ ಗಿಡ.

ಎತ್ತರದ ತೊಡಕೂ ಇಲ್ಲಿಯೇ ಇದೆ. ಎತ್ತರದ ಗಿಡ ಗಿಡ್ಡದರ ಬೆಳಕು ಕಸಿಯುತ್ತದೆ, ಅದಕ್ಕೆ ಕಾಳು ಹೆಚ್ಚು. ಹಾಗೇ ಬಿಟ್ಟರೆ ಸಮೂಹ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತ ಹೋಗಿ ಒಂದು ಗಾಳಿಮಳೆಗೆ ಇಡೀ ಹೊಲ ಮಲಗುತ್ತದೆ. ಹೀಗಾಗಿ ಹೂ ಬಿಡುವ ಮೊದಲೇ ಅತಿ ಎತ್ತರದ ಗಿಡಗಳನ್ನು ಕಿತ್ತುಹಾಕುವುದು ವಾಡಿಕೆ. ಕೊಯ್ಲಿನ ದಿನವೂ ಒಂದು ಆಯ್ಕೆಯೇ. ಬೇಗ ಕೊಯ್ದರೆ ತಡವಾಗಿ ಮಾಗುವವುಗಳ ಹಸಿಕಾಳು ಬೀಜವಾಗದೆ ಹೋಗುತ್ತದೆ, ತಡವಾಗಿ ಕೊಯ್ದರೆ ಬೇಗ ಮಾಗಿದವು ಉದುರಿರುತ್ತವೆ. ಬೀಜ ಜರಡಿ ಹಿಡಿಯುವಾಗ ಸಣ್ಣ ಕಾಳಿನ ಎಳೆಗಳೆಲ್ಲ ಕೆಳಗೆ ಬೀಳುತ್ತವೆ. ರುಚಿ, ಹಿಟ್ಟಿನ ಗುಣಗಳನ್ನಂತೂ ನಿಸರ್ಗ ನೋಡುವುದೇ ಇಲ್ಲ. ಅವನ್ನು ಮೊದಲ ತಳಿಗಳ ಆಯ್ಕೆಯಲ್ಲೇ ಖಚಿತಪಡಿಸಿಕೊಳ್ಳಬೇಕು.

ಬೀಜದಿಂದ ಬರುವ ರೋಗ ಇನ್ನೊಂದು ಅಪಾಯ. ವರ್ಷವೂ ಸ್ವಂತ ಬೀಜ ಬಿತ್ತುವಾಗ ಗೋಧಿಯ ಕಾಡಿಗೆ ರೋಗ ಸದ್ದಿಲ್ಲದೆ ಕೂಡಿಕೊಳ್ಳುತ್ತದೆ. ಕಪ್ಪು ತೆನೆ ಕಂಡ ವರ್ಷ ಬೀಜೋಪಚಾರ ಮಾಡಬೇಕು, ಹೆಚ್ಚಾಗಿದ್ದರೆ ಆ ಫಸಲನ್ನು ಬೀಜಕ್ಕೆ ಬಳಸಲೇಬಾರದು.

ಇಳುವರಿ ಎಷ್ಟು? ಮಾರಬಹುದೇ?

ಮಳೆ ಬೆಳೆ ಸರಿಯಾದ ವರ್ಷ, ಗೊಬ್ಬರ ನೀರು ತುಂಬಿದ ಹೊಲದಲ್ಲಿ ಅತ್ಯುತ್ತಮ ಶುದ್ಧ ತಳಿಯೇ ಮುಂದೆ. ಸಂಕರ ಸಮೂಹಕ್ಕೆ ಬೆಲೆ ಬರುವುದು ಕೆಟ್ಟ ವರ್ಷಗಳಲ್ಲಿ: ಏರಿಳಿತ ಕಡಿಮೆ. ಫಲ ಕಾಣಲು ಕಾಯಬೇಕು ಕೂಡ. ಸುನೆಸನ್ ಹೇಳಿದ್ದು ಕನಿಷ್ಠ 15 ಪೀಳಿಗೆ. ನಮ್ಮ ಅಂದಾಜಿನಲ್ಲಿ ನೀರಾವರಿ, ಔಷಧಿ ಎಲ್ಲ ಇರುವ ದೊಡ್ಡ ಹಿಡುವಳಿಗಿಂತ ಮಳೆಯಾಶ್ರಿತ ಮತ್ತು ಸಾವಯವ ಹೊಲಗಳಿಗೆ ಇದು ಹೆಚ್ಚು ಹೊಂದುತ್ತದೆ.

ಏಕರೂಪವಲ್ಲದ ಬೀಜವನ್ನು ಮಾರಲು ಬಹಳ ಕಡೆ ಕಾನೂನು ಅಡ್ಡಿ. ಯುರೋಪಿಯನ್ ಒಕ್ಕೂಟ 2014ರಲ್ಲಿ ಗೋಧಿ, ಬಾರ್ಲಿ, ಓಟ್ಸ್, ಮೆಕ್ಕೆಜೋಳದ ಸಮೂಹಗಳನ್ನು ಪ್ರಾಯೋಗಿಕವಾಗಿ ಮಾರಲು ಅವಕಾಶ ಕೊಟ್ಟಿತು. 2018ರ ಸಾವಯವ ನಿಯಮ ಜಾರಿಗೆ ಬಂದ 2022ರ ಜನವರಿಯಿಂದ, ಏಕರೂಪತೆಯ ಪರೀಕ್ಷೆಯಿಲ್ಲದೆ ಸಾವಯವ ವೈವಿಧ್ಯಮಯ ಬೀಜವನ್ನು ಅಧಿಕಾರಿಗಳಿಗೆ ತಿಳಿಸಿ ಮಾರಬಹುದು. ಮೂಲ ತಳಿಗಳು ಯಾವುವು, ಹೇಗೆ ಕಟ್ಟಲಾಯಿತು ಎಂಬ ವಿವರ ಕೊಡಬೇಕು.

ಹಳೆಯ ಬೀಜ ಎತ್ತಿಡುವುದು

ಸಮೂಹ ಎತ್ತ ಸಾಗುತ್ತಿದೆ ಎಂದು ತಿಳಿಯಲು ಒಂದೇ ದಾರಿ: ಮೂರ್ನಾಲ್ಕು ಪೀಳಿಗೆಗೊಮ್ಮೆ ಒಂದೆರಡು ಕಿಲೋ ಬೀಜ ಎತ್ತಿಟ್ಟು, ಮುಂದೆ ಅದನ್ನೂ ಹೊಸದನ್ನೂ ಪಕ್ಕಪಕ್ಕ ಬಿತ್ತಿ ಎತ್ತರ, ಹೂ ಬಿಡುವ ದಿನ, ಇಳುವರಿ ಹೋಲಿಸುವುದು. ಸಮೂಹ ಹಾದಿ ತಪ್ಪಿದ್ದರೆ ಹಿಂದಿನ ಬೀಜದಿಂದ ಮತ್ತೆ ಶುರುಮಾಡಲೂಬಹುದು. ಇದಕ್ಕೆ ದೊಡ್ಡ ಏರ್ಪಾಡು ಬೇಡ. ಬೀಜದ ತೇವಾಂಶ ಶೇ. 5ರಿಂದ 14ರ ನಡುವೆ ಇರುವಾಗ ಪ್ರತಿ ಶೇ. 1 ಇಳಿಸಿದರೆ ಬಾಳಿಕೆ ಸುಮಾರು ಇಮ್ಮಡಿ. ಇಡುವ ಜಾಗದ ಬಿಸಿ ಪ್ರತಿ 5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೂ ಮತ್ತೆ ಇಮ್ಮಡಿ. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಗೆ ತುಂಬಿ, ಪೀಳಿಗೆ ಮತ್ತು ವರ್ಷದ ಚೀಟಿಯನ್ನು ಡಬ್ಬಿಯ ಒಳಗೂ ಒಂದು, ಹೊರಗೂ ಒಂದು ಹಾಕಬೇಕು. ಹೊರಗಿನ ಚೀಟಿ ಎಷ್ಟೋ ಸಲ ಉದುರಿಹೋಗುತ್ತದೆ.